ಕಂಬವಿಲ್ಲದ ಸಜ್ಜ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಬೆಲ್ಲದ ಮಂಡಿ ನಡೆಸುತ್ತಿದ್ದ ರುದ್ರಯ್ಯನವರಿಗೆ ನಂಜಯ್ಯ ಒಬ್ಬನೇ ಮಗ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ಅವನಿಗೆ ಇಂಜಿನಿಯರಿಂಗ್ ಸೀಟು ಸಿಗಲಿಲ್ಲ. ಎರಡನೆಯ ಸಲವೂ ಅರ್ಜಿ ಹಾಕಿ ಬರಿಗೈಯಲ್ಲಿ ಬಂದ ಮೇಲೆ, ಇನ್ನು ಅಪ್ಪನ ಪಕ್ಕ ಮಂಡಿಯಲ್ಲಿ ಕೂರುವುದೆಂದು ಅವನು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದ. ಅವನಿಗೆ ಅದು ಅಷ್ಟೇನೂ ಕಷ್ಟವೆನಿಸಿರಲಿಲ್ಲ. ಕಷ್ಟವಾದದ್ದು ರುದ್ರಯ್ಯನವರಿಗೆ. ಎದುರು ಸಾಲಿನ ಜವಳಿ ಅಂಗಡಿಯವರ ಮಗ ಡಾಕ್ಟರಾಗಿ ಹಾಸನದಲ್ಲಿ ಬೋರ್ಡು ಹಾಕಿದ್ದ. ಬೆಳಿಗ್ಗೆ ಮಂಡಿಯ ಬಾಗಿಲು ತೆಗೆದರೆ ಮೊದಲು ಕಾಣುತ್ತಿದ್ದದ್ದು ಆ ಡಾಕ್ಟರ ಅಪ್ಪನ ಮುಖ.

ಐವತ್ತೈದನೆಯ ಇಸವಿಯಲ್ಲಿ ಅರಸೀಕೆರೆ ರೈಲಿನಲ್ಲಿ ಯಾರೋ ರುದ್ರಯ್ಯನವರಿಗೆ ಜರ್ಮನಿಯ ಸುದ್ದಿ ಹೇಳಿದರು. ಯುದ್ಧದಲ್ಲಿ ನೆಲಕಚ್ಚಿದ ಊರುಗಳನ್ನೆಲ್ಲ ಅಲ್ಲಿ ಮತ್ತೆ ಕಟ್ಟುತ್ತಿದ್ದಾರೆ, ಕಾಲೇಜಿಗೆ ಫೀಜು ಹೆಚ್ಚಿಲ್ಲ, ಭಾಷೆ ಕಲಿತು ಆರು ತಿಂಗಳು ಕಾರ್ಖಾನೆಯಲ್ಲಿ ಕೆಲಸ ಮಾಡಿದರೆ ಇಂಜಿನಿಯರಿಂಗಿಗೆ ಸೇರಿಸಿಕೊಳ್ಳುತ್ತಾರೆ ಎಂದು. ರುದ್ರಯ್ಯನವರು ಮನೆಗೆ ಬಂದವರೇ ಮಗನನ್ನು ಕೂರಿಸಿಕೊಂಡು, ನೀನು ಜರ್ಮನಿಗೆ ಹೋಗುತ್ತೀಯ ಎಂದರು. ಅದು ಕೇಳಿದ ಮಾತಲ್ಲ, ಹೇಳಿದ ಮಾತು. ಪರದೇಶದಲ್ಲಿ ಹುಡುಗ ಯಾರ ಕೈಗೂ ಬೀಳದಿರಲಿ ಎಂದು ಹೊರಡುವ ಮುಂಚೆ ಅರಕಲಗೂಡಿನ ಪ್ರೇಮಕುಮಾರಿಯನ್ನು ತಂದು ಮದುವೆ ಮಾಡಿದರು. ಮದುವೆಯ ಚಪ್ಪರದ ಹಸಿರು ಒಣಗುವ ಹೊತ್ತಿಗೆ ನಂಜಯ್ಯ ಬೊಂಬಾಯಿಯಲ್ಲಿ ಹಡಗು ಹತ್ತಿದ್ದ.

ಸ್ಟುಟ್‌ಗಾರ್ಟಿನಲ್ಲಿ ಅವನಿಗೆ ಕೋಣೆ ಕೊಟ್ಟವಳು ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಹೆಂಗಸು. ಅವನ ಕೊರಳಲ್ಲಿದ್ದ, ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಕೈಗಡಿಯಾರದ ಹಾಗೆ ಕೊರಳಗಡಿಯಾರವೆಂದೇ ಅವಳು ತಿಳಿದಿದ್ದಳು. ಎಷ್ಟು ಗಂಟೆ ಎಂದು ಒಂದೆರಡು ಸಲ ಕೇಳಿದ್ದೂ ಉಂಟು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬೇಯಿಸಿದ ಆಲೂಗೆಡ್ಡೆಗೆ ಉಪ್ಪು ಮೆಣಸು ಹಾಕಿಕೊಂಡು ತಿಂದು, ಅವನು ಕಾರ್ಖಾನೆಗೆ ಹೋಗಿ ದಿನವೆಲ್ಲ ಅರದಿಂದ ಕಬ್ಬಿಣ ಉಜ್ಜುತ್ತಿದ್ದ. ಬೆರಳ ತುದಿಯ ಚರ್ಮ ದಡ್ಡುಗಟ್ಟಿತು. ಭಾಷೆ ಅಂಗಡಿಗೆ ಸಾಕಾಗುವಷ್ಟು ಬಂತು. ಪಾಠಕ್ಕೆ ಸಾಕಾಗುವಷ್ಟು ಬರಲಿಲ್ಲ. ಆ ಜನ ಇಪ್ಪತ್ತಮೂರು ಎನ್ನಬೇಕಾದರೆ ಮೂರು ಮತ್ತು ಇಪ್ಪತ್ತು ಎನ್ನುತ್ತಾರೆ. ಪ್ರೊಫೆಸರು ಲೆಕ್ಕ ಹೇಳುತ್ತ ಹೋದರೆ ಇವನು ಮೊದಲು ಕೇಳಿದ ಅಂಕಿಯನ್ನು ಮೊದಲು ಬರೆದುಕೊಂಡು, ಮನೆಗೆ ಬಂದು ನೋಡಿದರೆ ಪುಟವೆಲ್ಲ ತಿರುವುಮುರುವಾಗಿರುತ್ತಿತ್ತು.

ಆದರೂ ಆ ಊರು ಅವನಿಗೆ ಹಿಡಿಸಿತು. ಒಂದು ಬೀದಿಯಲ್ಲಿ ಬಾಂಬು ಬಿದ್ದ ಗೋಡೆಗಳು, ಪಕ್ಕದ ಬೀದಿಯಲ್ಲಿ ಹೊಸ ಕಟ್ಟಡ. ಬಸ್ಸು ನಿಲ್ಲುವ ಕಡೆ ಒಂದೊಂದು ಕಾಂಕ್ರೀಟಿನ ಸಜ್ಜ, ಗೋಡೆಯಿಂದ ಹೊರಟು ರಸ್ತೆಯ ಮೇಲೆ ಚಾಚಿಕೊಂಡಿರುತ್ತಿತ್ತು. ಕೆಳಗೆ ಒಂದು ಕಂಬವೂ ಇಲ್ಲ. ಹಿಮ ಬೀಳುವಾಗ ಅದರಡಿ ನಿಂತು ಕತ್ತೆತ್ತಿ ನೋಡುವುದು ಅವನಿಗೆ ಅಭ್ಯಾಸವಾಗಿತ್ತು. ಊರಿಗೆ ಹೋದ ಮೇಲೆ ಇಂಥದೊಂದು ಕಟ್ಟಬೇಕೆಂದು ಪ್ರೇಮಕುಮಾರಿಗೆ ಬರೆದಿದ್ದ.

ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದಾಗ ತಪ್ಪನ್ನು ಭಾಷೆಯ ಮೇಲೆ ಹಾಕಿದ. ಎರಡನೆಯ ಸಲ ಜ್ವರ ಬಂದಿತ್ತು. ಮೂರನೆಯ ಸಲ ಭಾಷೆಯೂ ಇತ್ತು, ಮೈಯೂ ನೆಟ್ಟಗಿತ್ತು, ಆದರೂ ಫೇಲಾದ. ಮೂರು ಸಲ ಹೋದರೆ ಆ ದೇಶದ ಯಾವ ಕಾಲೇಜೂ ಆ ಓದಿಗೆ ಮತ್ತೆ ಸೇರಿಸಿಕೊಳ್ಳುವುದಿಲ್ಲವೆಂಬುದು ಅಲ್ಲಿನ ಕಟ್ಟಳೆ. ಆಫೀಸಿನಲ್ಲಿದ್ದ ಮುದುಕ ಅದನ್ನು ಬಹಳ ಮರ್ಯಾದೆಯಿಂದ, ಎದ್ದು ನಿಂತು, ಕೈಕುಲುಕಿ ಹೇಳಿದ. ನಂಜಯ್ಯ ಹೊರಗೆ ಬಂದು ಟ್ರಾಮಿನ ಕಟ್ಟೆಯ ಮೇಲೆ ಕೂತ. ಟ್ರಾಮುಗಳು ಬಂದವು, ಹೋದವು. ಮನೆಗೆ ಏನು ಬರೆಯುವುದೆಂದು ಯೋಚಿಸಿದ. ಮೂರು ವರ್ಷದಿಂದ ಬರೆಯುತ್ತಿದ್ದ ಮಾತನ್ನೇ ಆ ವಾರವೂ ಬರೆದ: ಓದು ನಡೆಯುತ್ತಿದೆ, ಚಳಿ ಹೆಚ್ಚು, ನಾನು ಕ್ಷೇಮ.

ಆಮೇಲಿನ ಎರಡು ವರ್ಷ ಊರ ಹೊರಗಿನ ಒಂದು ಅಂಗಳದಲ್ಲಿ ಕೂಲಿ ಮಾಡಿದ. ಬಾಗಿಲ ಮೇಲಿಡುವ ಕಾಂಕ್ರೀಟಿನ ತೊಲೆಗಳನ್ನು ಅಚ್ಚಿನಲ್ಲಿ ಎರೆಯುವ ಜಾಗ ಅದು. ಅಚ್ಚಿನ ತಳದಲ್ಲಿ ಕಬ್ಬಿಣದ ಕಂಬಿ ಜೋಡಿಸುವುದು, ಮೇಲೆ ಕಾಂಕ್ರೀಟು ಸುರಿಯುವುದು, ಒಣಗಿದ್ದನ್ನು ಎತ್ತಿಡುವುದು. ಕೈ ಅದನ್ನು ಕಲಿಯಿತು. ಅರವತ್ತೊಂದರಲ್ಲಿ, ಇನ್ನು ಎಷ್ಟು ವರ್ಷ ಓದುತ್ತೀಯೆಂದು ಅಪ್ಪ ಕೇಳಿದಾಗ, ಮುಗಿಯಿತು, ಬರುತ್ತೇನೆ ಎಂದು ಬರೆದ. ಓದು ಮುಗಿಯಿತೆಂದು ಅವನು ಬರೆದಿರಲಿಲ್ಲ. ಆದರೆ ಮುಗಿಯಿತೆಂಬ ಮಾತನ್ನು ಹೊಳೆನರಸೀಪುರದಲ್ಲಿ ಬೇರೆ ಯಾವ ಹಾಗೆ ಓದಿಕೊಳ್ಳುವುದಕ್ಕೂ ಸಾಧ್ಯವಿರಲಿಲ್ಲ.

ರೈಲ್ವೆ ಸ್ಟೇಷನ್ನಿಗೆ ರುದ್ರಯ್ಯನವರು ವಾದ್ಯದವರನ್ನು ಕರೆಸಿದ್ದರು. ಪುರಸಭೆಯವರು ಹಾರ ತಂದಿದ್ದರು. ಜವಳಿ ಅಂಗಡಿಯವರೂ ಬಂದು ನಿಂತಿದ್ದರು. ರೈಲು ಇಳಿಯುತ್ತಲೇ ಹೇಳಿಬಿಡಬೇಕೆಂದು ಬೊಂಬಾಯಿಯಿಂದ ಬರುವ ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡಿದ್ದ ನಂಜಯ್ಯ, ಕೊರಳಿಗೆ ಹಾರ ಬಿದ್ದ ಮೇಲೆ ಬಾಯಿ ತೆರೆಯಲಿಲ್ಲ. ವಾರದೊಳಗೆ ಮಂಡಿಯ ಬಾಗಿಲ ಮೇಲೆ ಬೋರ್ಡು ಬಂತು: ಹೆಚ್.ಆರ್. ನಂಜಯ್ಯ, ಇಂಜಿನಿಯರ್, ಜರ್ಮನಿ.

ಪ್ರೇಮಕುಮಾರಿಗೆ ಮಾತ್ರ ಹೇಳಿದ. ಆರು ವರ್ಷ ಅತ್ತೆಯಿಲ್ಲದ ಮನೆಯಲ್ಲಿ ಮಾವನಿಗೆ ಅಡುಗೆ ಮಾಡಿಹಾಕಿಕೊಂಡು ಕಾದಿದ್ದವಳು ಅವಳು. ಅಳುತ್ತಾಳೆಂದು ಅವನು ಅಂದುಕೊಂಡಿದ್ದ. ಅವಳು ಅಳಲಿಲ್ಲ.

“ನನಗೆ ಹೇಳಿದ್ದನ್ನೇ ನಾಳೆ ಮಾವನೋರಿಗೂ ಹೇಳ್ಬಿಡಿ,” ಅಂದಳು. “ಒಂದು ತಿಂಗಳು ಮಾತು ಬಿಡ್ತಾರೆ. ಆಮೇಲೆ ಮಂಡಿಗೆ ಬಾ ಅಂತಾರೆ. ಬೋರ್ಡು ಹಳೇದಾದಷ್ಟೂ ಇಳಿಸೋದು ಕಷ್ಟ.”

ನಾಳೆ ಎಂದು ಅವನು ಒಪ್ಪಿದ. ನಾಳೆ ರುದ್ರಯ್ಯನವರಿಗೆ ಮೈ ಸರಿಯಿರಲಿಲ್ಲ. ನಾಡಿದ್ದು ನೆಂಟರು ಬಂದಿದ್ದರು.

ಮನೆ ಕಟ್ಟಿಸುವವರು ನಕ್ಷೆ ಕೇಳಿಕೊಂಡು ಬಂದರೆ ಒಂದು ವರ್ಷದ ತನಕ ಮಣ್ಣು ನೋಡಬೇಕು, ಸಿಮೆಂಟು ಸಿಗಬೇಕು ಎಂದು ಜಾರಿಕೊಂಡ. ಕಡೆಗೆ ಚನ್ನರಾಯಪಟ್ಟಣದ ಸೋದರಮಾವ ಬಿಡಲಿಲ್ಲ. ಅವರಿಗೊಂದು ಮನೆಯ ನಕ್ಷೆ ಬರೆದುಕೊಟ್ಟ. ಸಾಧಾರಣ ನಾಲ್ಕು ಗೋಡೆಯ ಮನೆ, ಗಾಳಿ ಬೆಳಕು ಚೆನ್ನಾಗಿ ಆಡುವ ಹಾಗೆ ಕಿಟಕಿಗಳನ್ನು ಇಟ್ಟಿದ್ದ. ಮನೆ ಚೆನ್ನಾಗಿಯೇ ಬಂತು. ಶ್ರವಣಬೆಳಗೊಳಕ್ಕೆ ಹೋಗುವವರು ದಾರಿಯಲ್ಲಿ ಇಳಿದು ನೋಡಿ ಹೋಗುತ್ತಿದ್ದರಂತೆ. ಗೃಹಪ್ರವೇಶದ ದಿನ ಮಾವ ಶಾಲು ಹೊದಿಸಿದಾಗ ನಂಜಯ್ಯನಿಗೆ ಮೊದಲ ಸಲ, ಪರೀಕ್ಷೆಯೇ ಎಲ್ಲವೂ ಅಲ್ಲವೇನೋ ಅನ್ನಿಸಿತು. ಅಲ್ಲಿಂದ ಬಂದ ಮೇಲೆ ಅಪ್ಪನಿಗೆ ಹೇಳುವ ಮಾತನ್ನು ಅವನು ಎತ್ತಲಿಲ್ಲ. ಪ್ರೇಮಕುಮಾರಿಯೂ ಎತ್ತುವುದನ್ನು ಬಿಟ್ಟಳು.

ಅರವತ್ತಮೂರರಲ್ಲಿ ರುದ್ರಯ್ಯನವರು ಹಳೆಯ ಮಂಡಿ ಕೆಡವಿ ಹೊಸದು ಕಟ್ಟಿಸಲು ಹೊರಟರು. ಬೆಲ್ಲದ ಗಾಡಿಗಳು ಮಳೆಯಲ್ಲಿ ನೆನೆಯದೆ ಬಾಗಿಲಿಗೇ ಬಂದು ನಿಲ್ಲಬೇಕು. ಮುಂದೆ ಕಂಬ ನಿಲ್ಲಿಸಿದರೆ ಗಾಡಿಯ ಅಚ್ಚು ತಗಲುತ್ತದೆ. ಕಂಬವಿಲ್ಲದ ಸಜ್ಜ ಹಾಕೋಣ ಎಂದ ನಂಜಯ್ಯ. ಆ ಮಾತು ಬಾಯಿಂದ ಬಂದಾಗ ಅವನ ಮೈಯೆಲ್ಲ ಹಗುರವಾಯಿತು. ಎಂಟು ವರ್ಷದಲ್ಲಿ ಅವನು ಅಷ್ಟು ಉತ್ಸಾಹದಿಂದ ಕೂತು ಬರೆದದ್ದು ಅದೊಂದೇ ನಕ್ಷೆ. ಪೇಟೆಯ ಜನ ಬಂದು ನೋಡಿದರು. ಕಂಬವಿಲ್ಲದೆ ನಿಲ್ಲುತ್ತದೆಯೇ ಎಂದು ಕೇಳಿದವರಿಗೆ ರುದ್ರಯ್ಯನವರೇ, ಜರ್ಮನಿಯಲ್ಲಿ ಎಲ್ಲ ಹಾಗೇ ಎಂದು ಉತ್ತರ ಕೊಡುತ್ತಿದ್ದರು.

ಸೆಂಟ್ರಿಂಗ್ ಕೆಲಸಕ್ಕೆ ಬಂದವನು ಹಳ್ಳಿಮೈಸೂರು ಕಡೆಯ ಚೆನ್ನಯ್ಯ. ಆಸರೆಗೆ ಸರ್ವೆ ಮರದ ಊರೆಗಳನ್ನು ನಿಲ್ಲಿಸಿ, ಮೇಲೆ ಹಲಗೆ ಹಾಸಿಕೊಡುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚುವುದು ಅವನ ಕೆಲಸ. ಅವನ ಹೆಂಡತಿ ಹೊನ್ನಕ್ಕನೂ ಜೊತೆಗೆ ಬರುತ್ತಿದ್ದಳು. ಮಾತಿಗಿಂತ ನಗೆ ಹೆಚ್ಚು ಅವಳಿಗೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮುದ್ದೆಯ ಜೊತೆಗೆ ನೆಂಚಿಕೊಳ್ಳಲು ಪ್ರೇಮಕುಮಾರಿ ಉಪ್ಪಿನಕಾಯಿ ಕೊಟ್ಟರೆ, ದೂರ ನಿಂತು ಸೆರಗೊಡ್ಡಿ ಈಸಿಕೊಳ್ಳುತ್ತಿದ್ದಳು. ಕಂಬಿ ಕಟ್ಟುವ ದಿನ ನಂಜಯ್ಯ ತಾನೇ ಹಲಗೆಯ ಮೇಲೆ ಹತ್ತಿ, ಪಂಚೆ ಎತ್ತಿ ಕಟ್ಟಿ, ಒಂದೊಂದು ಕಂಬಿಯನ್ನೂ ತಳದಲ್ಲಿ ಹರಡಿಸಿದ. ಜರ್ಮನಿಯ ಆ ಅಂಗಳದಲ್ಲಿ ಎರಡು ವರ್ಷ ಮಾಡಿದ ಹಾಗೆಯೇ ಮಾಡಿದ. ಅವನ ಕೈಗೆ ಅನುಮಾನವೇ ಬರಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಊರೆ ಬಿಚ್ಚಲು ಚೆನ್ನಯ್ಯನಿಗೆ ಹೇಳಿದರು. ಅವನು ಒಂದು ಕಡೆಯಿಂದ ಊರೆಗಳನ್ನು ಕೀಳುತ್ತ ಬಂದ. ಒಂದು ಊರೆ ಬಿಗಿದುಕೊಂಡಿತ್ತು. ಸುತ್ತಿಗೆಯಿಂದ ಬುಡಕ್ಕೆ ಹೊಡೆದ. ಹೊನ್ನಕ್ಕ ಬಿದ್ದ ಹಲಗೆಗಳನ್ನು ಎತ್ತಿಡಲು ಸಜ್ಜದ ಕೆಳಗೆ ಬಗ್ಗಿದ್ದಳು. ಬಿರುಕು ಬಿಡುವ ಸದ್ದೂ ಕೇಳಿಸಲಿಲ್ಲ ಎಂದು ನೋಡಿದವರು ಹೇಳುತ್ತಿದ್ದರು. ಗೋಡೆಯ ಅಂಚಿನಿಂದ ಕಳಚಿಕೊಂಡು ಸಜ್ಜ ಒಂದೇ ಸಲಕ್ಕೆ ಕೆಳಗೆ ಬಂತು. ಗೋಡೆಗೆ ಒತ್ತಿ ನಿಂತಿದ್ದ ಚೆನ್ನಯ್ಯನಿಗೆ ಗಾಯವೂ ಆಗಲಿಲ್ಲ. ಹನ್ನೆರಡು ಜನ ಸೇರಿ ಹಾರೆ ಹಾಕಿ ಎತ್ತಿ ಹೊನ್ನಕ್ಕನನ್ನು ಹೊರಗೆ ತೆಗೆದರು. ಆಸ್ಪತ್ರೆಗೆ ಒಯ್ಯುವ ಕೆಲಸವಿರಲಿಲ್ಲ.

ಪೊಲೀಸರು ಬಂದಾಗ ನಂಜಯ್ಯ ಒಳಗೆ ಗೋಡೆಗೊರಗಿ ಕೂತಿದ್ದ. ಏನಾಯಿತೆಂದು ದಫೇದಾರ ಕೇಳಿದ್ದಕ್ಕೆ ರುದ್ರಯ್ಯನವರು ಬಾಯಿ ತೆರೆಯುವ ಮುಂಚೆಯೇ ಚೆನ್ನಯ್ಯ ಹೇಳಿದ, ನಾನೇ ಹೊಡೆದೆ, ನನ್ನಿಂದಲೇ ಬಿತ್ತು ಎಂದು. ಅವನನ್ನು ಕರೆದುಕೊಂಡು ಹೋದರು.

ಮಾರನೆಯ ಬೆಳಿಗ್ಗೆ ನಂಜಯ್ಯ ಬಿದ್ದದ್ದರ ಮುಂದೆ ಹೋಗಿ ನಿಂತ. ಗೋಡೆಯ ಅಂಚಿನಲ್ಲಿ ಕಾಂಕ್ರೀಟು ಮೇಲಿನಿಂದ ಬಾಯಿ ಬಿಟ್ಟಿತ್ತು. ಕಂಬಿಗಳು ಕೆಳಗಡೆ, ಏನೂ ಆಗದವರ ಹಾಗೆ, ಬಗ್ಗಿ ಜೋತು ಬಿದ್ದಿದ್ದವು. ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಬಲಗೈಯನ್ನು ಮುಂದಕ್ಕೆ ಚಾಚಿ, ಅಂಗೈಯ ಮೇಲೆ ಒಂದು ಕಾಂಕ್ರೀಟಿನ ಚೂರು ಇಟ್ಟುಕೊಂಡ. ಭಾರಕ್ಕೆ ಎಳೆತ ಬಂದದ್ದು ತೋಳಿನ ಮೇಲುಗಡೆ, ಹೆಗಲ ಹತ್ತಿರ. ಎರಡು ಗೋಡೆಯ ನಡುವೆ ಕೂತ ತೊಲೆ ಹೊಟ್ಟೆಯಲ್ಲಿ ಸೀಳುತ್ತದೆ, ಅದಕ್ಕೆ ಕಂಬಿ ತಳದಲ್ಲಿ. ಒಂದೇ ಗೋಡೆ ಹಿಡಿದು ಚಾಚಿದ ಸಜ್ಜ ಬೆನ್ನಿನಲ್ಲಿ ಸೀಳುತ್ತದೆ, ಅದಕ್ಕೆ ಕಂಬಿ ಮೇಲೆ. ಮೂರು ಸಲ ಫೇಲಾದ ಪಾಠದಲ್ಲಿ ಇದ್ದದ್ದೇ ಇದು. ಯಾರು ಹೊಡೆದರೂ, ಹೊಡೆಯದಿದ್ದರೂ, ಊರೆ ತೆಗೆದ ದಿನ ಅದು ಬೀಳುವುದೇ.

ನೆಟ್ಟಗೆ ಅಪ್ಪನ ಹತ್ತಿರ ಹೋದ.

“ಅಪ್ಪಾಜಿ, ತಪ್ಪು ಅವನದಲ್ಲ. ಕಂಬಿ ಮೇಲಿರ್ಬೇಕಿತ್ತು, ನಾನು ಕೆಳಗೆ ಹಾಕ್ಸಿದೆ. ನಾನು ಇಂಜಿನಿಯರೇ ಅಲ್ಲ. ಅಲ್ಲಿ ಪಾಸಾಗ್ಲಿಲ್ಲ.”

ರುದ್ರಯ್ಯನವರು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಕೈ ಹಣೆಯ ಮೇಲೇ ನಿಂತಿತು. ಮಗನ ಮುಖವನ್ನು ನೋಡಿದರು, ಬಾಗಿಲ ಕಡೆ ನೋಡಿದರು.

“ಇನ್ಯಾರಿಗೆ ಗೊತ್ತು?”

“ಪ್ರೇಮಂಗೆ.”

“ಹಂಗಾದ್ರೆ ಮನೇಲೇ ಇದೆ. ಮನೇಲೇ ಇರ್ಲಿ,” ಎಂದರು. ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟು, “ಅವನು ನಾಲ್ಕಾರು ತಿಂಗಳು ಹೋಗಿ ಬತ್ತಾನೆ ಕಣೋ. ಹೋಗಿ ಬಂದ್ಮೇಲೂ ಅವನು ಚೆನ್ನಯ್ಯನೇ. ನೀನು ಹೋದ್ರೆ ಬಂದ್ಮೇಲೆ ಏನಾಗಿರ್ತೀಯ ಯೋಚ್ನೆ ಮಾಡು.”

ಆ ಮಧ್ಯಾಹ್ನವೇ ಗಾಡಿಗಳನ್ನು ತರಿಸಿ ಕಾಂಕ್ರೀಟು ಕಂಬಿ ಎಲ್ಲವನ್ನೂ ತುಂಬಿಸಿ ಹೇಮಾವತಿಯ ದಂಡೆಗೆ ಸಾಗಿಸಿಬಿಟ್ಟರು. ಎರಡು ದಿನ ಬಿಟ್ಟು ನಂಜಯ್ಯ ಸ್ಟೇಷನ್ನಿಗೆ ಹೋದ. ಸಬ್‌ಇನ್‌ಸ್ಪೆಕ್ಟರು ಕುರ್ಚಿ ಹಾಕಿಸಿ, ಕಾಫಿ ತರಿಸಿ, ಅವನು ಹೇಳಿದ್ದನ್ನೆಲ್ಲ ಕೇಳಿದರು. ನಿಮ್ಮ ತಂದೆಯವರು ಬಂದು ಹೋದರು, ಮಗ ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದಾನೆ ಎಂದರು, ಸತ್ಯವಂತರಿಗೆ ಹೀಗೇ ಆಗುತ್ತದೆ, ನಾಲ್ಕು ದಿನ ಊರು ಬಿಟ್ಟು ಅರಕಲಗೂಡಿನಲ್ಲಿದ್ದು ಬನ್ನಿ ಎಂದು ಕಳಿಸಿಕೊಟ್ಟರು. ಅವನ ಮಾತನ್ನು ಬರೆದುಕೊಳ್ಳಲಿಲ್ಲ.

ಕೋರ್ಟಿನಲ್ಲಿ ಕೇಸು ಬಂದ ದಿನ ಅವನು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಸಾಕ್ಷಿಗೆ ಕರೆದಾಗ ಎಲ್ಲ ಹೇಳುವುದೆಂದು ಪ್ರೇಮಕುಮಾರಿಗೆ ಮಾತು ಕೊಟ್ಟು ಬಂದಿದ್ದ. ಸಾಕ್ಷಿಯವರೆಗೆ ಹೋಗಲೇ ಇಲ್ಲ. ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಮ್ಯಾಜಿಸ್ಟ್ರೇಟರು ಕೇಳಿದರು, ಚೆನ್ನಯ್ಯ ಒಪ್ಪಿಕೊಂಡ, ಆರು ತಿಂಗಳು ಎಂದರು. ನಂಜಯ್ಯ ಎದ್ದು ನಿಂತ. ಕೋರ್ಟಿನ ಜವಾನ ಬಂದು, ಕೂತ್ಕೊಳಿ ಸ್ವಾಮಿ, ಮುಂದಿನ ಕೇಸು ಕರೆದಾಯಿತು ಎಂದು ಮೆಲ್ಲಗೆ ಹೇಳಿದ. ಅವನು ನೋಡುವಷ್ಟರಲ್ಲಿ ಕಟಕಟೆಯಲ್ಲಿ ಬೇರೆ ಯಾರೋ ನಿಂತಿದ್ದರು.

ಹಾಸನದ ಜೈಲಿಗೆ ಅವನು ಹೋದದ್ದು ಮಾಘದಲ್ಲಿ. ಕಂಬಿಯ ಆಚೆ ಚೆನ್ನಯ್ಯ ತಲೆ ಬೋಳಿಸಿಕೊಂಡು ನಿಂತಿದ್ದ.

“ಚೆನ್ನಯ್ಯ, ನೀನು ಹೊಡೆದದ್ದಕ್ಕೆ ಬಿದ್ದದ್ದಲ್ಲ ಅದು. ಹೊಡೀದೆ ಇದ್ರೂ ಬೀಳ್ತಿತ್ತು. ಕಂಬಿ ಇಟ್ಟ ಜಾಗ ತಪ್ಪು. ಇಟ್ಟೋನು ನಾನು.”

“ಕಂಬಿ ಏನ್ ಮಾಡ್ತು ಸಾ. ಸುತ್ಗೆ ನನ್ ಕೈಲಿತ್ತು. ಅವ್ಳು ಬಗ್ಗವ್ಳೆ ಅಂತ ನೋಡ್ದೆ ಒಡ್ದ್‌ಬುಟ್ಟೆ.”

ನಂಜಯ್ಯ ತೋಳು ಚಾಚಿ ತೋರಿಸಿದ. ಎಲ್ಲಿ ಎಳೆಯುತ್ತದೆ, ಎಲ್ಲಿ ಸೀಳುತ್ತದೆ, ಎಲ್ಲ ಹೇಳಿದ. ಜರ್ಮನಿಯಲ್ಲಿ ತಾನು ಫೇಲಾದದ್ದನ್ನೂ, ಕೂಲಿ ಮಾಡಿದ್ದನ್ನೂ ಹೇಳಿದ. ತನ್ನ ಜೀವಮಾನದಲ್ಲಿ ಅವನು ಅಷ್ಟು ಬಿಚ್ಚಿ ಯಾರಿಗೂ ಹೇಳಿರಲಿಲ್ಲ. ಕೇಳುತ್ತ ಕೇಳುತ್ತ ಚೆನ್ನಯ್ಯನ ಕಣ್ಣಲ್ಲಿ ನೀರು ತುಂಬಿತು. ಗೊತ್ತಾಯಿತು ಎಂದುಕೊಂಡ ನಂಜಯ್ಯ.

“ಬ್ಯಾಡಿ ಸಾ,” ಅಂದ ಚೆನ್ನಯ್ಯ. “ನಂಗೆ ಸಮಾದಾನ ಆಗ್ಲಿ ಅಂತ ನಿಮ್ಮ್ ಓದ್ನೇ ಸುಳ್ಳು ಮಾಡ್ಕತೀರಲ್ಲ. ಅಷ್ಟು ದೂರ ಓಗಿ ಕಲ್ತ್ ಬಂದೋರು. ನನ್ನಂತೋನ್ಗೋಸ್ಕರ ಅಂಗೆಲ್ಲ ಅನ್ಬಾರ್ದು. ಇಲ್ಲೀಗಂಟ ಬಂದ್ರಲ್ಲ, ಅಷ್ಟೇ ಸಾಕು.”

“ಸಮಾಧಾನಕ್ಕಲ್ಲ ಚೆನ್ನಯ್ಯ. ನಿಜ.”

“ಆಗ್ಲಿ ಸಾ,” ಎಂದು ಚೆನ್ನಯ್ಯ ಕಂಬಿಯ ಸಂದಿಯಲ್ಲಿ ಕೈ ತೂರಿಸಿ ಅವನ ಪಾದ ಮುಟ್ಟಲು ಬಗ್ಗಿದ. ನಂಜಯ್ಯ ಹಿಂದಕ್ಕೆ ಸರಿದ.

ಆ ಸುದ್ದಿ ಹಳ್ಳಿಮೈಸೂರಿನ ಕಡೆ ಹಬ್ಬಿತು. ಜರ್ಮನಿ ಇಂಜಿನಿಯರು ಜೈಲಿಗೆ ಹೋಗಿ, ಕೂಲಿಯವನ ಮುಂದೆ ನಿಂತು, ತಪ್ಪು ನನ್ನದೆಂದು ತಮ್ಮ ಮೇಲೆ ಹಾಕಿಕೊಂಡರಂತೆ ಎಂದು. ಹೊನ್ನಕ್ಕನ ತಾಯಿ ಮಾರಮ್ಮ ಒಂದು ಬೆಳಿಗ್ಗೆ ಮಂಡಿಗೆ ಬಂದು ಬೀದಿಯಲ್ಲೇ ಅಡ್ಡಬಿದ್ದಳು. ಮಗಳನ್ನು ಕೊಂದವನು ನಾನು ಎಂದು ನಂಜಯ್ಯ ಅವಳಿಗೂ ಹೇಳಿದ. ಮುದುಕಿ ಅವನ ಮುಖ ನೋಡಿ, ನೀವು ದೇವರಂತೋರು, ನಿಮ್ಮ ಬಾಯಲ್ಲಿ ಆ ಮಾತು ಬೇಡ ಎಂದಳು. ಪೇಟೆಯಲ್ಲಿ ಕೂತವರೆಲ್ಲ ಕೇಳಿಸಿಕೊಂಡರು. ಜವಳಿ ಅಂಗಡಿಯವರು ಕಣ್ಣೊರೆಸಿಕೊಂಡರು. ಆಮೇಲೆ ಅವನು ನಿಜ ಹೇಳಿದಷ್ಟೂ ಅವನ ಹೆಸರು ದೊಡ್ಡದಾಗುತ್ತ ಹೋಯಿತು. ಬೋರ್ಡನ್ನು ತಾನೇ ಕಿತ್ತು ಹಿತ್ತಿಲಿಗೆ ಹಾಕಿದರೆ, ಮಂಡಿಯ ಹಮಾಲರು ಒರೆಸಿ ಮತ್ತೆ ತೂಗುಹಾಕಿದರು. ಪುರಸಭೆಯವರು ಕಟ್ಟಡ ಸಮಿತಿಗೆ ಅವನ ಹೆಸರು ಸೇರಿಸಿದರು; ಬೇಡವೆಂದದ್ದನ್ನು ವಿನಯವೆಂದುಕೊಂಡರು. ಸಭೆಯಲ್ಲಿ ಅವನು ಸುಮ್ಮನೆ ಕೂತು, ಏನು ಕೇಳಿದರೂ ಸರ್ಕಾರಿ ಇಂಜಿನಿಯರನ್ನು ಕೇಳಿ ಎನ್ನುತ್ತಿದ್ದ.

ರುದ್ರಯ್ಯನವರು ಅರವತ್ತಾರರಲ್ಲಿ ತೀರಿಕೊಂಡರು. ಮಗನ ವಿಷಯ ಅವರು ಮತ್ತೆ ಎತ್ತಲಿಲ್ಲ. ಆದರೆ ಕಡೆಯ ಮೂರು ವರ್ಷ ಮಗನನ್ನು ಹೆಸರು ಹಿಡಿದು ಕರೆಯದೆ, ಯಾರ ಮುಂದೆ ಮಾತಾಡಿದರೂ ‘ನಮ್ಮ ಇಂಜಿನಿಯರು’ ಎಂದೇ ಹೇಳುತ್ತಿದ್ದರು.

ಚೆನ್ನಯ್ಯ ಜೈಲಿನಿಂದ ಬಂದು ಊರಲ್ಲಿ ನಿಲ್ಲಲಿಲ್ಲ. ಕೊಡಗಿನ ಕಾಫಿ ತೋಟಕ್ಕೆ ಹೋದನೆಂದು ಕೇಳಿದ್ದ ನಂಜಯ್ಯ, ತೋಟದ ಆಳುಗಳು ಸಾಮಾನಿಗೆ ಕೊಣನೂರು ಸಂತೆಗೆ ಇಳಿಯುತ್ತಾರೆಂದು ತಿಳಿದು, ಅರವತ್ತೆಂಟರ ಬೇಸಿಗೆಯಲ್ಲಿ ಬೆಲ್ಲ ಕೊಳ್ಳುವ ನೆಪ ಮಾಡಿಕೊಂಡು ಅಲ್ಲಿಗೆ ಹೋದ. ಒಂದು ಸಂತೆಯಲ್ಲಿ ಕಾಣಲಿಲ್ಲ, ಮುಂದಿನ ಸಂತೆಯಲ್ಲಿ ಕಂಡ. ಒಣಮೀನಿನ ಸಾಲಿನ ಹತ್ತಿರ ನಾಲ್ಕು ಜನರ ಜೊತೆ ನಿಂತಿದ್ದ ಚೆನ್ನಯ್ಯ, ಇವನನ್ನು ಕಂಡ ಕೂಡಲೇ ಹೆಗಲ ಮೇಲಿನ ಟವೆಲು ತೆಗೆದು ಕಂಕುಳಿಗಿಟ್ಟ. ಕೂದಲು ನರೆತಿತ್ತು.

“ಇವ್ರೇ ಕಣ್ಲಾ ನಾನ್ ಏಳ್ತಿದ್ನಲ್ಲ,” ಎಂದ ಜೊತೆಯವರಿಗೆ. “ನನ್ ಪಾಪವ ತಮ್ ಮೇಲ್ ಆಕ್ಕಂಡೋರು.”

ಆ ನಾಲ್ವರೂ ಕೈ ಮುಗಿದರು. ನಂಜಯ್ಯ ಚೆನ್ನಯ್ಯನನ್ನು ಒಂದು ಹುಣಸೆ ಮರದ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿ ಯೋಗಕ್ಷೇಮ ಕೇಳಿದ. ಮತ್ತೆ ಮದುವೆಯಾಗಲಿಲ್ಲವಂತೆ. ತೋಟದಲ್ಲಿ ಕಳೆ ಕೀಳುತ್ತಾನೆ, ಮರಗೆಲಸಕ್ಕೆ ಕರೆದರೆ ಹೋಗುವುದಿಲ್ಲ, ಸುತ್ತಿಗೆ ಮುಟ್ಟಿದರೆ ಕೈ ಮರಗಟ್ಟುತ್ತದೆ. ಆಳುಗಳ ಸಾಲುಮನೆಯೊಳಗೆ, ಸೂರಿನ ಕೆಳಗೆ ಮಲಗಲು ಆಗದೆ ಮಳೆಗಾಲದಲ್ಲೂ ಹೊರಗೆ, ಸೌದೆ ಒಟ್ಟಿದ ಕಡೆ ಮಲಗುತ್ತಾನೆ. ಇದನ್ನೆಲ್ಲ ಅವನು ಬೇರೆ ಯಾರದೋ ಸಂಗತಿಯ ಹಾಗೆ ಹೇಳಿದ.

ನಂಜಯ್ಯ ಇನ್ನೊಂದು ಸಲ ಮೊದಲಿನಿಂದ ಹೇಳಿದ. ಈ ಸಲ ಕಡ್ಡಿ ಕಲ್ಲು ಇಟ್ಟು, ಮಣ್ಣಿನ ಮೇಲೆ ಗೆರೆ ಎಳೆದು, ನಿಧಾನವಾಗಿ ಹೇಳಿದ. ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ ಎಂದ. ಚೆನ್ನಯ್ಯ ತಲೆ ಬಗ್ಗಿಸಿಕೊಂಡು, ಪೂಜಾರಿಯ ಮಂತ್ರ ಕೇಳುವವರ ಹಾಗೆ ಕೊನೆಯ ತನಕ ಕೇಳಿದ.

“ಆಯ್ತು ಸಾ,” ಎಂದ. “ನೀವು ಏಳ್ದಂಗೇ.”

ಅಷ್ಟರಲ್ಲಿ ತೋಟದ ಲಾರಿಯವನು ಹಾರನ್ ಮಾಡಿದ. ಚೆನ್ನಯ್ಯ ಎದ್ದು, ಉಪ್ಪಿನ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಹಿಂದಕ್ಕೆ ಎರಡು ಹೆಜ್ಜೆ ಇಟ್ಟ ಮೇಲೆಯೇ ತಿರುಗಿ ನಡೆದ.

ಬಸ್ಸು ಹೊಳೆನರಸೀಪುರ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಪ್ರೇಮಕುಮಾರಿ ಕೈಕಾಲಿಗೆ ನೀರು ಕೊಟ್ಟು, ಸಿಕ್ಕಿದ್ನಾ ಎಂದಳು. ಸಿಕ್ಕಿದ ಎಂದ ನಂಜಯ್ಯ. ಹೇಳಿದ್ರಾ ಎಂದಳು. ಹೇಳಿದೆ ಎಂದ. ಅವಳು ಮುಂದಿನದನ್ನು ಕೇಳಲಿಲ್ಲ. ಒಲೆಯ ಹತ್ತಿರ ಹೋಗಿ ಸಾರು ಬಿಸಿ ಮಾಡತೊಡಗಿದಳು.